ಮಾತು ಮೊದಲೋ ಹಾಡು ಮೊದಲೋ

"ಯಾವುದು ಮೊದಲು ಬೇಕು, ಈಗಲೇ ಹೇಳ್ಬಿಡಿ. ಎಲ್ಲಾ ಬೇಕು ಅಂತ ಮಾತ್ರ ಹೇಳ್ಬೇಡಿ," ಎಂದಳು ಡಿಸ್ಕ್ ರಿಪೇರಿಯವಳು.

ಇವರು ಆಗಲೇ ಬಾಯಿ ತೆರೆದಿದ್ದರು. ಎಲ್ಲಾ ಬೇಕು ಅನ್ನುವುದಕ್ಕೇ ತೆರೆದಿದ್ದರು, ಅದು ನಲವತ್ತು ವರ್ಷ ಸಂಸಾರ ಮಾಡಿದ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

ಇವರು ಎಂದರೆ ನನ್ನ ಯಜಮಾನರು. ಒಂಟಿ ಹಳಿಯ ಸಣ್ಣದೊಂದು ರೈಲು ನಿಲ್ದಾಣದಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ಕೆಲಸ ಹೋಗಿ ಹನ್ನೊಂದು ವರ್ಷವಾದರೂ ಗಡಿಯಾರ ನೋಡದೆ ನೀರು ಕುಡಿಯುವುದಿಲ್ಲ. ಇವರ ಇನ್ನೊಂದು ಸಂಸಾರ ಹಾಡುಗಳ ಸಂಗ್ರಹ. ನಲವತ್ತು ವರ್ಷ ಕೂಡಿಹಾಕಿದ ರೆಕಾರ್ಡು, ಕ್ಯಾಸೆಟ್ಟು, ಸೀಡಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಕೊನೆಗೆ ಅಂಗೈಯಗಲದ ಒಂದೇ ಒಂದು ದೊಡ್ಡ ಡಿಸ್ಕಿಗೆ ತುಂಬಿಟ್ಟಿದ್ದರು. ಹದಿನಾರು ಟಿಬಿ ಹಿಡಿಸುವ ಡಿಸ್ಕು, ಅದರಲ್ಲಿ ಒಂಬತ್ತು ತುಂಬಿತ್ತು. ಕಳೆದ ಗುರುವಾರ ಬೆಳಿಗ್ಗೆ ಅದು ಗೋಡೆಯ ಹಲ್ಲಿಯ ಹಾಗೆ ಲೊಚಗುಟ್ಟತೊಡಗಿತು. ಆಮೇಲೆ ತೆರೆಯಲೇ ಇಲ್ಲ.

ರಿಪೇರಿಯವಳ ಕೋಣೆ ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ. ಧೂಳು ಬರಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿಸಿದ್ದಳು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಕೈ ತೂರಿಸಲು ಎರಡು ತೂತು, ಆ ತೂತಿಗೆ ಕೂರಿಸಿದ ರಬ್ಬರ್ ಕೈಗವಸು. ನಮ್ಮ ಡಿಸ್ಕು ಮುಚ್ಚಳ ಬಿಚ್ಚಿಸಿಕೊಂಡು ಒಳಗೆ ಮಲಗಿತ್ತು. ತಲೆಗೆ ಟೋಪಿ, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ ಅವಳನ್ನು ನೋಡಿದ ಕೂಡಲೇ ನಾನು ಮನಸ್ಸಿನಲ್ಲಿ ಡಾಕ್ಟರಮ್ಮ ಎಂದು ಹೆಸರಿಟ್ಟೆ. ಎರಡು ವರ್ಷದ ಹಿಂದೆ ನಾನೂ ಹೀಗೇ ಮಲಗಿದ್ದೆ, ಹೀಗೇ ಮುಖ ಮುಚ್ಚಿಕೊಂಡವರು ನನ್ನ ಮೇಲೆ ಬಗ್ಗಿದ್ದರು.

ನಾನು ವಾದ್ಯಗೋಷ್ಠಿಯಲ್ಲಿ ಹಾಡುತ್ತಿದ್ದವಳು. ಹೋಟೆಲು, ಕ್ಲಬ್ಬು, ಕಾರ್ಖಾನೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೆ ಅಲ್ಲಿ, ಇಪ್ಪತ್ತೆಂಟು ವರ್ಷ. ನನ್ನ ಹೆಸರಿನ ಒಂದು ರೆಕಾರ್ಡೂ ಮಾರುಕಟ್ಟೆಗೆ ಬರಲಿಲ್ಲ. ಇವರು ಮಾತ್ರ ರಜೆ ಸಿಕ್ಕಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ಇನ್ನೂರ ಹನ್ನೆರಡು ಕಾರ್ಯಕ್ರಮಗಳನ್ನು ಟೇಪು ಮಾಡಿದ್ದರು. ಆಮೇಲೆ ಗಂಟಲಲ್ಲಿ ಗಂಟು ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಉಸಿರಾಡಲು ಕುತ್ತಿಗೆಯಲ್ಲೊಂದು ತೂತು, ಅದರ ಮೇಲೊಂದು ಬಟ್ಟೆ, ಮಡಿಲಲ್ಲೊಂದು ಸ್ಲೇಟು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಪ್ರಕಾರ ನನ್ನಷ್ಟು ಸಿರಿವಂತೆ ನಮ್ಮ ಬೀದಿಯಲ್ಲೇ ಇಲ್ಲ. ಸಿಟ್ಟು ಮಾತ್ರ ಧ್ವನಿಪೆಟ್ಟಿಗೆಯ ಜೊತೆ ಹೋಗಲಿಲ್ಲ.

ಆಪರೇಷನ್ ಆಗಿ ಮನೆಗೆ ಬಂದ ದಿನವೇ ಸ್ಲೇಟಿನ ಮೇಲೆ ಬರೆದಿದ್ದೆ: "ನನ್ನ ಹಳೆಯ ದನಿ ಈ ಮನೆಯಲ್ಲಿ ಕೇಳಿಸಬಾರದು." ಇವರು ಆಗಲಿ ಎಂದು ತಲೆಯಾಡಿಸಿದ್ದರು. ಅಂದಿನಿಂದ ಆ ಕಾರ್ಯಕ್ರಮಗಳ ಸುದ್ದಿ ನಾವಿಬ್ಬರೂ ಎತ್ತಿರಲಿಲ್ಲ. ಆದರೂ ಅವು ಡಿಸ್ಕಿನಲ್ಲಿ ಇವೆ ಎಂಬ ಧೈರ್ಯ ನನಗಿತ್ತು. ಕೇಳದಿದ್ದರೂ ಇರಬೇಕು. ನಾನು ಹಾಡುತ್ತಿದ್ದೆ ಎನ್ನುವುದಕ್ಕೆ ಲೋಕದಲ್ಲಿ ಬೇರೆ ಸಾಕ್ಷಿ ಇಲ್ಲ.

"ಇನ್ನೊಂದು ಕಾಪಿ ಎಲ್ಲೂ ಇಲ್ವಾ ಸರ್?" ಡಾಕ್ಟರಮ್ಮ ಮೂರನೆಯ ಸಲ ಕೇಳಿದಳು.

"ಇಲ್ಲಮ್ಮ."

"ಮುಂಚೆ ಚಿಕ್ಕ ಡಿಸ್ಕ್‌ಗಳು ಇದ್ವು ಅಂದ್ರಿ?"

"ಹನ್ನೊಂದು ಇದ್ವು. ಇದಕ್ಕೆ ಹಾಕಿದ ಮೇಲೆ ಒಂದೊಂದನ್ನೇ ಅಳಿಸಿ ಕೊಟ್ಟುಬಿಟ್ಟೆ. ಕ್ಯಾಸೆಟ್ ಗುಜರಿಗೆ ಹೋಯ್ತು."

ಅವಳು ಮೂಗಿನ ಬಟ್ಟೆ ಕೆಳಗೆ ಸರಿಸಿ ಇವರ ಮುಖವನ್ನೇ ನೋಡಿದಳು. "ಯಾಕ್ ಸರ್?"

ಇವರು ನೆಟ್ಟಗೆ ಕೂತರು. ಈ ಪಾಠ ನನಗೆ ಬಾಯಿಪಾಠ. "ನೋಡಮ್ಮ, ಒಂಟಿ ಹಳಿ ಮೇಲೆ ಗಾಡಿ ಬಿಡಬೇಕಾದ್ರೆ ಡ್ರೈವರ್ ಕೈಲಿ ಟೋಕನ್ ಇರ್ಬೇಕು. ಒಂದು ಉಕ್ಕಿನ ಗುಂಡು. ಅದನ್ನ ಆಚೆ ಸ್ಟೇಷನ್ ಮೆಷಿನ್‌ಗೆ ಹಾಕೋವರೆಗೂ ಇನ್ನೊಂದು ಗುಂಡು ಹೊರಗೆ ಬರಲ್ಲ. ಎರಡು ಟೋಕನ್ ಹೊರಗಿದ್ರೆ ಎರಡು ಗಾಡಿ ಮುಖಾಮುಖಿ. ಮೂವತ್ತಾರು ವರ್ಷ ಒಂದೇ ಟೋಕನ್ ಅಂತ ಕೆಲಸ ಮಾಡಿದೋನು ನಾನು. ಎರಡು ಕಾಪಿ ಇದ್ರೆ ಯಾವುದು ಸರಿ, ಯಾವುದು ತಪ್ಪು? ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆತ್ರೆ?"

"ಇದು ರೈಲಲ್ಲ ಸರ್."

"ಈಗ ಗೊತ್ತಾಯ್ತಮ್ಮ," ಎಂದರು ಇವರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾನು ಸ್ಲೇಟಿನ ಮೇಲೆ ಅದನ್ನೇ ಬರೆಯಲು ಹೊರಟು, ಇವರ ಮುಖ ಕಂಡು ಬಳಪ ಕೆಳಗಿಟ್ಟೆ.

ಡಾಕ್ಟರಮ್ಮ ಪರಿಸ್ಥಿತಿಯನ್ನು ಬಿಡಿಸಿ ಹೇಳಿದಳು. ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ತಿರುಗುತ್ತವೆ. ಅವುಗಳ ಮೇಲೆ ಕೂದಲೆಳೆಯ ಅಂತರದಲ್ಲಿ ಓದುವ ಮುಳ್ಳುಗಳು ಓಡಾಡುತ್ತವೆ. ನಮ್ಮದರಲ್ಲಿ ಒಂದು ಮುಳ್ಳು ಮುರಿದು ತಟ್ಟೆಯನ್ನು ಗೀರಿತ್ತು. ಅದೇ ಜಾತಿಯ ಬೇರೊಂದು ಡಿಸ್ಕಿನ ಮುಳ್ಳುಗಳನ್ನು ಅವಳು ಕಿತ್ತು ಇದಕ್ಕೆ ಕೂರಿಸಿದ್ದಳು. ಗೀರಿನ ಮೇಲೆ ಹಾದಾಗಲೆಲ್ಲ ಹೊಸ ಮುಳ್ಳೂ ಸವೆಯುತ್ತದೆ.

"ಒಂಬತ್ತು ಟಿಬಿ ಪೂರ್ತಿ ತೆಗೆಯೋಕೆ ಈ ಸ್ಥಿತೀಲಿ ನಾಲ್ಕು ದಿನ ಬೇಕು. ಇದಕ್ಕೆ ಎರಡು ಗಂಟೆ ಆಯಸ್ಸಿದ್ರೆ ಹೆಚ್ಚು. ಅದಕ್ಕೇ ನಿಮ್ಮನ್ನ ಇಲ್ಲಿ ಕೂರಿಸ್ಕೊಂಡಿರೋದು. ಒಂದ್ಸಲ ತಿರುಗೋಕೆ ಬಿಟ್ಟೆ ಅಂದ್ರೆ ನಿಲ್ಲಿಸೋಕಾಗಲ್ಲ. ನಿಲ್ಲಿಸಿದ್ರೆ ಮತ್ತೆ ಏಳುತ್ತೋ ಇಲ್ವೋ."

"ದೊಡ್ಡ ಡಿಸ್ಕ್ ತಗೊಂಡಿದ್ದೇ ತಪ್ಪಾಯ್ತು ಅನ್ಸುತ್ತೆ," ಎಂದರು ಇವರು.

"ದೊಡ್ಡದು, ಚಿಕ್ಕದು ಅಂತಿಲ್ಲ ಸರ್. ಎಲ್ಲಾ ಡಿಸ್ಕೂ ಸಾಯುತ್ತೆ. ಚಿಕ್ಕದು ಸತ್ರೆ ಚಿಕ್ಕ ನಷ್ಟ, ಅಷ್ಟೇ." ಅವಳು ಪರದೆ ನಮ್ಮ ಕಡೆ ತಿರುಗಿಸಿದಳು. "ಫೈಲ್‌ಗಳ ಪಟ್ಟಿ ಮಾತ್ರ ಮೊದಲೇ ತೆಗೆದಿಟ್ಟಿದ್ದೀನಿ. ಯಾವ್ಯಾವ ಫೈಲನ್ನ ಕೊನೇಲಿ ಯಾವತ್ತು ತೆರೆದ್ರಿ ಅನ್ನೋದೂ ಇದೆ. ಒಂದು ವಿಚಿತ್ರ ಅಂದ್ರೆ, ಇಷ್ಟು ದೊಡ್ಡ ಸಂಗ್ರಹದಲ್ಲಿ ನೀವು ಎರಡು ವರ್ಷದಿಂದ ಏನೂ ಕೇಳಿಲ್ಲ. ಒಂದು ಫೋಲ್ಡರ್ ಮಾತ್ರ ದಿನಾ ತೆರೆದಿದ್ದೀರಿ."

ಆ ಫೋಲ್ಡರಿನ ಹೆಸರು ಪರದೆಯ ಮೇಲಿತ್ತು. ನನ್ನ ಕಾರ್ಯಕ್ರಮಗಳು, ಒಂದರಿಂದ ಇನ್ನೂರ ಹನ್ನೆರಡು.

ದಿನಾ ಬೆಳಿಗ್ಗೆ ಐದರಿಂದ ಎಂಟರವರೆಗೆ ಇವರು ಚಿಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದರು. ಏನು ಎಂದು ಬರೆದು ಕೇಳಿದರೆ "ಡಿಸ್ಕ್ ಸರಿಯಿದೆಯಾ ಅಂತ ನೋಡ್ತಿದ್ದೀನಿ" ಅನ್ನುತ್ತಿದ್ದರು. ನಾನು ಅಡುಗೆಮನೆಯಲ್ಲಿ ಮೂಗಿಯ ಹಾಗೆ ಪಾತ್ರೆ ತೊಳೆಯುವಾಗ ಇವರು ಗೋಡೆಯಾಚೆ ನನ್ನ ಹಳೆಯ ದನಿಯ ಜೊತೆ ಕೂತಿದ್ದರು! ಮೂವತ್ತು ವರ್ಷದವಳ ದನಿ, ನಲವತ್ತರವಳ ದನಿ, ತೂತಿಲ್ಲದ ಕುತ್ತಿಗೆಯ ದನಿ. ಗಂಡ ಬೇರೆ ಹೆಂಗಸನ್ನು ಇಟ್ಟುಕೊಂಡಿದ್ದರೆ ಹೋಗಿ ಅವಳ ಜುಟ್ಟು ಹಿಡಿಯಬಹುದು. ನನಗೆ ನಾನೇ ಸವತಿಯಾದರೆ ಯಾರ ಜುಟ್ಟು ಹಿಡಿಯಲಿ? ಸ್ಲೇಟಿನಿಂದ ಮೇಜನ್ನು ಕುಟ್ಟಿದೆ.

"ಅಮ್ಮಾ, ಮೇಜು ಅಲ್ಲಾಡಬಾರದು!" ಡಾಕ್ಟರಮ್ಮ ಕೂಗಿದಳು.

ಇವರು ನನ್ನ ಕಡೆ ತಿರುಗಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಇದರ ಕೆಳಗೆ ಇನ್ನೊಂದು ಇದೆ ನೋಡಮ್ಮ. 'ಮಾತು' ಅಂತ. ಅದನ್ನ ಮೊದಲು ತೆಗೀಬಹುದಾ? ತುಂಬಾ ಚಿಕ್ಕದು," ಎಂದರು.

ಅವಳು ನೋಡಿದಳು. ಹುಬ್ಬು ಗಂಟಿಕ್ಕಿತು. "ಸಾವಿರದ ನೂರ ನಲವತ್ತು ಚೂರು. ಸರ್, ಇದೇ ಕಷ್ಟ. ಹಾಡುಗಳನ್ನ ನೀವು ಒಂದೇ ಸಲ ತುಂಬಿದ್ದೀರಿ, ಒಂದರ ಪಕ್ಕ ಒಂದು ಸಾಲಾಗಿ ಕೂತಿವೆ. ಮುಳ್ಳು ನೆಟ್ಟಗೆ ಹೋಗುತ್ತೆ. ಈ ಚೂರುಗಳನ್ನ ಎರಡು ವರ್ಷದಲ್ಲಿ ದಿನಕ್ಕೊಂದೆರಡು ಹಾಕಿದ್ದೀರಿ. ತಟ್ಟೆ ತುಂಬಾ ಚೆಲ್ಲಿಕೊಂಡಿವೆ. ಒಂದೊಂದಕ್ಕೂ ಮುಳ್ಳು ಆ ತುದಿಗೆ ಈ ತುದಿಗೆ ಓಡ್ಬೇಕು, ಗೀರು ದಾಟಿ ದಾಟಿ. ಇದನ್ನ ಮೊದಲು ಹಿಡಿದ್ರೆ ಹಾಡು ಸಿಗದೇ ಹೋಗಬಹುದು."

ನಾನು ಬರೆದೆ: "ಏನದು ಮಾತು?"

ಇವರು ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಸ್ವಚ್ಛವಾಗಿಯೇ ಇತ್ತು.

"ನೀನು ಹಾಡಿನ ನಡುವೆ ಮಾತಾಡ್ತಿದ್ಯಲ್ಲ ಕಣೇ. ಜನರ ಹತ್ರ, ವಾದ್ಯದವರ ಹತ್ರ. ಅದರಿಂದ ಒಂದೊಂದೇ ಮಾತು ಕತ್ತರಿಸಿ ತೆಗೀತಿದ್ದೆ. ಊಟ, ನೀರು, ಬನ್ನಿ, ಬೇಡ, ನಾಳೆ. ಸಾವಿರದ ಇನ್ನೂರು ಆದ್ರೆ ಸಾಕು, ಫೋನಲ್ಲಿ ಹಾಕ್ಕೊಡ್ತಾರಂತೆ. ಬೇಕಾದ ಮಾತು ಒತ್ತಿದ್ರೆ ನಿನ್ನ ದನೀಲೇ ಹೇಳುತ್ತೆ. ನೀನು ಅಂಗಡಿಗೆ ಹೋಗಿ ಸ್ಲೇಟು ತೋರಿಸಿದಾಗ ಆ ಹುಡುಗಿ ನಕ್ಕಳಲ್ಲ, ಆವತ್ತು ಶುರು ಮಾಡಿದೆ. ಇನ್ನು ಅರವತ್ತು ಬಾಕಿ ಇತ್ತು."

ಡಾಕ್ಟರಮ್ಮನ ಮುಖ ಅರಳಿತು.

"ಹಾಗಿದ್ರೆ ಚಿಂತೆ ಯಾಕೆ ಸರ್? ಕಾರ್ಯಕ್ರಮ ಸಿಕ್ಕಿದ್ರೆ ಮಾತೂ ಅದರೊಳಗೇ ಇರುತ್ತಲ್ಲ. ಮತ್ತೆ ಕತ್ತರಿಸಿಕೊಂಡ್ರಾಯ್ತು."

ಇವರು ತಲೆ ತಗ್ಗಿಸಿದರು. ನನಗೆ ಆಗಲೇ ಗೊತ್ತಾಗಿಹೋಯಿತು. ಹೇ ದೇವರೇ, ಈ ಮನುಷ್ಯ ಅದನ್ನೂ ಮಾಡಿರುತ್ತಾರೆ ಅಂದುಕೊಂಡೆ.

"ಕಾಪಿ ಮಾಡಿಲ್ಲಮ್ಮ. ಅಲ್ಲಿಂದ ತೆಗೆದು ಇಲ್ಲಿಟ್ಟೆ. ಅಲ್ಲೂ ಇದ್ದು ಇಲ್ಲೂ ಇದ್ರೆ ಯಾವುದನ್ನ ತೆಗೆದಿದ್ದೀನಿ, ಯಾವುದನ್ನ ಬಿಟ್ಟಿದ್ದೀನಿ ಅಂತ ಗೊತ್ತಾಗಲ್ಲ ಅಂತ."

"ಮತ್ತೆ ಅಲ್ಲಿ?"

"ಅಲ್ಲಿ ಖಾಲಿ ಬಿಟ್ಟಿದ್ದೀನಿ. ಮಾತು ಎಷ್ಟು ಹೊತ್ತು ಇತ್ತೋ ಅಷ್ಟೇ ಹೊತ್ತು. ಟೈಮ್ ಕೆಡಬಾರದಲ್ಲ."

ನನ್ನ ಕಾರ್ಯಕ್ರಮಗಳಿಗೆ ತೂತು ಕೊರೆದಿದ್ದರು. ನನ್ನ ಕುತ್ತಿಗೆಗೆ ಒಂದು ತೂತು ಸಾಲದೆಂಬಂತೆ ಇಪ್ಪತ್ತೆಂಟು ವರ್ಷದ ನನ್ನ ದುಡಿಮೆಗೂ ತೂತು. ನನ್ನನ್ನೊಂದು ಮಾತು ಕೇಳದೆ! ಇವರು ಮಾಡಿದ್ದು ನನ್ನ ಮೇಲಿನ ಅಕ್ಕರೆಯಿಂದಲೇ ಎಂದು ಆ ಕ್ಷಣದಲ್ಲೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಿಟ್ಟು ಇಮ್ಮಡಿಯಾಯಿತು. ಬಿಸಿತುಪ್ಪದ ಹಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಏನು ಮಾಡಲಿ ಹೇಳಿ," ಎಂದಳು ಡಾಕ್ಟರಮ್ಮ. "ಮಾತು ಮೊದಲೋ, ಹಾಡು ಮೊದಲೋ?"

ಇವರು ಜೀವಮಾನದಲ್ಲಿ ಸಾವಿರಾರು ಗಾಡಿಗಳಿಗೆ ದಾರಿ ಬಿಟ್ಟವರು. ಇಂದು ಎರಡು ಕೈಯನ್ನೂ ತೊಡೆಯ ಮೇಲೆ ಚೆಲ್ಲಿ ನನ್ನ ಕಡೆ ತಿರುಗಿದರು. "ದನಿ ನಿಂದು. ನೀನೇ ಹೇಳು."

ನಾನು ಬರೆದೆ. ಬಳಪ ಮುರಿಯುವಷ್ಟು ಒತ್ತಿ ಬರೆದೆ. "ಹಾಡು." ಬರೆಯುವಾಗ ಇವರ ಮುಖ ನೋಡಲಿಲ್ಲ. ಮಾತು ಯಾರು ಬೇಕಾದರೂ ಆಡುತ್ತಾರೆ, ಬೀದಿಯ ನಲ್ಲಿಯ ಹತ್ತಿರ ನಿಂತರೆ ಬೇಕಾದಷ್ಟು ಸಿಗುತ್ತದೆ. ಹಾಡು ಮಾತ್ರ ನಾನು ಹಾಡಿದ್ದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಆ ಎರಡಕ್ಷರ ಬರೆಸಿದ್ದು ಸಿಟ್ಟು.

ಡಾಕ್ಟರಮ್ಮ ಗುಂಡಿ ಒತ್ತಿದಳು. ಗಾಜಿನ ಪೆಟ್ಟಿಗೆಯೊಳಗೆ ತಟ್ಟೆಗಳು ತಿರುಗಿದವು. ಸಣ್ಣ ಶಿಳ್ಳೆಯಂಥ ಸದ್ದು ಏರಿ ಒಂದೇ ಮಟ್ಟದಲ್ಲಿ ನಿಂತಿತು. ಪರದೆಯ ಮೇಲೆ ಒಂದು ಎಂಬ ಅಂಕಿ ಬಂತು. ಅರ್ಧ ನಿಮಿಷಕ್ಕೆ ಎರಡು. ಆಮೇಲೆ ಮೂರು.

ಗಡಿಯಾರದಲ್ಲಿ ಹನ್ನೊಂದಾದಾಗ ಪರದೆಯ ಅಂಕಿ ಮೂವತ್ತಾಗಿತ್ತು. ಮೂವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಅಂಕಿಯನ್ನೇ ನೋಡುತ್ತಿದ್ದೆವು. ಕೆಳಗಿನ ಬೀದಿಯಲ್ಲಿ ಲಾರಿಯೊಂದು ಹೋದರೆ ಡಾಕ್ಟರಮ್ಮ ಎರಡು ಕೈಯಿಂದ ಮೇಜು ಹಿಡಿದುಕೊಳ್ಳುತ್ತಿದ್ದಳು. ನಲವತ್ತೆರಡರಲ್ಲಿ ಅಂಕಿ ನಿಂತಿತು. ಒಳಗೆ ಟಿಕ್ ಎಂದಿತು. ಇನ್ನೊಂದು ಟಿಕ್. ನನ್ನ ಉಸಿರು ಕುತ್ತಿಗೆಯ ಬಟ್ಟೆಯನ್ನು ಒಳಕ್ಕೆಳೆದುಕೊಂಡಿತು. ನಲವತ್ತಮೂರು ಬಂತು.

"ಗೀರು ದಾಟಿತು," ಎಂದಳು ಅವಳು.

ಇವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಪುಟ ತಿರುವಿ, ಮತ್ತೆ ಜೇಬಿಗಿಡಲು ಹೋದರು. ನಾನು ಕಸಿದುಕೊಂಡೆ. ಕಸಿದುಕೊಳ್ಳುವುದಕ್ಕೆ ದನಿ ಬೇಕಾಗಿಲ್ಲ.

ಇವರ ಗುಂಡು ಗುಂಡು ಅಕ್ಷರ. ಯಾವ ಮಾತು ಯಾವ ಕಾರ್ಯಕ್ರಮದಿಂದ, ಎಷ್ಟನೇ ನಿಮಿಷದಿಂದ ಎಂದು ಗಾಡಿಗಳ ಪಟ್ಟಿಯ ಹಾಗೆ ಬರೆದಿದ್ದರು. ಕೊನೆಯ ಪುಟಗಳಲ್ಲಿ ಜೋಡಿಸಿದ ವಾಕ್ಯಗಳಿದ್ದವು. ಮೊದಲನೆಯದು: "ನಿಮಗೆ ಬುದ್ಧಿ ಇಲ್ಲ." 'ನಿಮಗೆ' ಹನ್ನೆರಡನೇ ಕಾರ್ಯಕ್ರಮದ್ದು, 'ಬುದ್ಧಿ' ತೊಂಬತ್ತನೆಯದು, ಡ್ರಮ್ಮಿನವನನ್ನು ಬೈದದ್ದು. ಎರಡನೆಯದು: "ಎಷ್ಟು ಸಲ ಹೇಳ್ಬೇಕು?" ಮೂರನೆಯದು: "ಸಾಕು ಸುಮ್ನಿರಿ." ಅದರ ಕೆಳಗೆ ಇನ್ನೂ ಹದಿನೇಳು ಬೈಗುಳ. ಬಾಗಿಲು ಹಾಕಿ, ತಲೆನೋವು, ಔಷಧ ಎಲ್ಲಿ ಎಂಬುವೆಲ್ಲ ಆಮೇಲೆ.

ನಾನು ಪುಟದ ಮೇಲೆ ಬೆರಳಿಟ್ಟು ಇವರ ಮುಖ ನೋಡಿದೆ.

"ಬೈಗುಳ ಮೊದಲು ಮಾಡಿದೆ," ಎಂದರು ಮೆಲ್ಲಗೆ. "ನಿಂಗೆ ಅದೇ ಜಾಸ್ತಿ ಬೇಕಾಗುತ್ತೆ ಅಂತ. ಸ್ಲೇಟಲ್ಲಿ ಬೈಯೋಕೆ ಹೋಗಿ ಅರ್ಧದಲ್ಲೇ ಒರೆಸಿಬಿಡ್ತೀಯ. ನೋಡೋಕಾಗಲ್ಲ ನನಗೆ."

ಯಾವ ಗಂಡಸು ಎರಡು ವರ್ಷ ಬೆಳಗಿನ ಜಾವ ಎದ್ದು ತನ್ನನ್ನೇ ಬೈಯುವ ಮಾತುಗಳನ್ನು ಚೂರು ಚೂರಾಗಿ ಹುಡುಕಿ ಜೋಡಿಸುತ್ತಾನೆ? ನನ್ನ ಸಿಟ್ಟು ಇಳಿಯಿತು. ಇಳಿದ ಮೇಲೆ ಉಳಿದದ್ದು ಭಯ, ಬರೀ ಭಯ. ನಾನೇನು ಬರೆದುಬಿಟ್ಟೆ? ಪರದೆ ನೋಡಿದೆ. ತೊಂಬತ್ತಾರು.

ನೂರ ಏಳಕ್ಕೆ ಶಿಳ್ಳೆಯ ಸದ್ದು ಬದಲಾಯಿತು, ಗಂಟಲು ಕಟ್ಟಿದಂತೆ ಒರಟಾಯಿತು. ಡಾಕ್ಟರಮ್ಮ ಕುರ್ಚಿಯ ತುದಿಗೆ ಬಂದಳು. "ಒಂದು ಮುಳ್ಳು ಸೋಲ್ತಾ ಇದೆ. ಹದಿನೈದು ನಿಮಿಷ ಇರಬಹುದು, ಐದೂ ಇರಬಹುದು. ಹಾಡು ಮುಂದುವರಿಸಲಾ?"

ನೂರ ಹನ್ನೆರಡು. ಇವರ ಅಂಗೈ ಒದ್ದೆಯಾಗಿ ಪ್ಯಾಂಟಿನ ಮೇಲೆ ಗುರುತು ಮೂಡಿತ್ತು. ಒಂದು ಸಲವೂ ಮಾತು ಬೇಕು ಎಂದು ಬೇಡಲಿಲ್ಲ. ನೂರ ಹದಿನೇಳು. ಉಳಿದ ತೊಂಬತ್ತೈದು ಕಾರ್ಯಕ್ರಮಗಳಲ್ಲೇ ನನ್ನ ಒಳ್ಳೆಯ ವರ್ಷಗಳಿದ್ದವು, ದನಿ ಮಾಗಿ ಬೆಣ್ಣೆಯಾಗಿದ್ದ ವರ್ಷಗಳು. ಅದು ನನಗೆ ಗೊತ್ತಿತ್ತು. ಸ್ಲೇಟು ಒರೆಸಿ ಬರೆದೆ: "ಮಾತು."

"ಬೇಡ," ಎಂದರು ಇವರು. "ಹಾಡೇ ಬರಲಿ. ನಿನ್ನ ಒಳ್ಳೇ ಹಾಡೆಲ್ಲ ಕೊನೇಲಿವೆ."

ನಾನು ಸ್ಲೇಟನ್ನು ಡಾಕ್ಟರಮ್ಮನ ಮೂಗಿಗೇ ಹಿಡಿದೆ. ನೂರ ಹದಿನೆಂಟು ಮುಗಿದ ಕೂಡಲೇ ಅವಳು ಬೆರಳಾಡಿಸಿದಳು.

ಗಾಜಿನೊಳಗಿನ ಸದ್ದೇ ಬೇರೆಯಾಯಿತು. ಮುಳ್ಳು ಆ ಕಡೆಗೂ ಈ ಕಡೆಗೂ ಕಡಿಯುತ್ತಾ ಓಡಿತು. ಒಂದು. ಎರಡು. ನಾಲ್ಕು. ಇವರು ಪುಸ್ತಕ ಹಿಡಿದು ಬರುತ್ತಿದ್ದ ಒಂದೊಂದು ಮಾತನ್ನೂ ಗುರುತು ಹಾಕತೊಡಗಿದರು. "ಮೈಕು. ಬಂತು. ಧನ್ಯವಾದ. ಬಂತು. ಮೆಲ್ಲಗೆ ಬಾರ್ಸಪ್ಪಾ. ಬಂತು." ಹದಿನೆಂಟು. ಇಪ್ಪತ್ತೊಂಬತ್ತು. "ಮುಂದಿನ ಹಾಡು. ಬಂತು." ಮೂವತ್ತಾರು. ಟಿಕ್. ಟಿಕ್ ಟಿಕ್. ಮೂವತ್ತೇಳು. "ಇನ್ನು ನೀರು. ನೀರು ಬರ್ಬೇಕು ಈಗ." ನಲವತ್ತು. ನಲವತ್ತೊಂದು.

ಆಮೇಲೆ ಬಾಗಿಲ ಬುಡದಲ್ಲಿ ಮರಳು ಸಿಕ್ಕಿ ಉಜ್ಜಿದಂಥ ಸದ್ದು. ಡಾಕ್ಟರಮ್ಮ ಥಟ್ಟನೆ ವಿದ್ಯುತ್ ತಂತಿ ಕಿತ್ತಳು.

ಅವಳು ಪೆಟ್ಟಿಗೆಯೊಳಗೆ ದೀಪ ಹಿಡಿದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ತಟ್ಟೆಯ ಮೇಲೆ ಉಂಗುರದ ಹಾಗೆ ಬೂದು ಗೆರೆ ಬಿದ್ದಿದ್ದು ನನಗೂ ಕಾಣುತ್ತಿತ್ತು. ಶಾಸ್ತ್ರಕ್ಕೆಂಬಂತೆ ಇನ್ನೊಂದು ಸಲ ತಿರುಗಿಸಿದಳು, ಅದು ಏಳಲಿಲ್ಲ.

"ಮುಗೀತಮ್ಮ," ಎಂದು ನನಗೆ ಹೇಳಿದಳು. "ಸಾರಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇವರ ನಲವತ್ತು ವರ್ಷದ ಸಂಗ್ರಹ, ಊರೂರು ಅಲೆದು ತಂದ ರೆಕಾರ್ಡುಗಳು, ಬೇರೆಲ್ಲೂ ಸಿಗದ ಗಾಯಕರು, ಎಲ್ಲವೂ ಹೋಯಿತು. ಅದರ ಬಗ್ಗೆ ಇವರು ಆವತ್ತು ಒಂದು ಮಾತೂ ಆಡಲಿಲ್ಲ, ಇವತ್ತಿನವರೆಗೂ ಆಡಿಲ್ಲ. ಪುಸ್ತಕದಲ್ಲಿ ನಲವತ್ತೊಂದನೆಯ ಗುರುತಿನ ಕೆಳಗೆ ಗೆರೆ ಎಳೆದು, ಟೋಪಿ ಹಾಕಿಕೊಂಡರು. ಡಾಕ್ಟರಮ್ಮ ಸಿಕ್ಕಿದ್ದನ್ನು ಎರಡು ಕಾಪಿ ಮಾಡಿ ಎರಡು ಚಿಕ್ಕ ಡಿಸ್ಕಿಗೆ ಹಾಕಿ ಕೊಟ್ಟಳು. ಒಂದನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದುಕೊಂಡು ಇವರು ಮೆಟ್ಟಿಲಿಳಿದರು. ಎರಡನ್ನೂ ಒಂದೇ ಚೀಲಕ್ಕೆ ಹಾಕಲು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕ ಕೋಣೆಗೆ ನಾನೇ ಹೋದೆ. ಇವರು ಹೆಡ್‌ಫೋನ್ ಕೈಗೆತ್ತಿಕೊಂಡಿದ್ದರು. ಅದನ್ನು ಕಿತ್ತು ಪಕ್ಕಕ್ಕಿಟ್ಟು, ಸ್ಪೀಕರ್ ಕಡೆ ಬೆರಳು ತೋರಿಸಿದೆ.

"ನಿಜವಾಗ್ಲೂ?" ಎಂದರು.

ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಇವರು ಯಾವುದೋ ಒಂದು ಕಾರ್ಯಕ್ರಮ ಹಾಕಿದರು. ಗಿಟಾರು, ಡ್ರಮ್ಮು, ಆಮೇಲೆ ನಾನು. ನಾನು! ಎಷ್ಟು ಸಲೀಸಾಗಿ ಹಾಡುತ್ತಿದ್ದೆ, ಏರುವಾಗ ಒಂದಿಷ್ಟೂ ತಿಣುಕದೆ. ಹೆಮ್ಮೆಯಾಯಿತು, ಹೊಟ್ಟೆ ಉರಿಯಿತು, ಎರಡೂ ಒಟ್ಟಿಗೆ. ಹಾಡು ಮುಗಿದು ಚಪ್ಪಾಳೆ ಬಿತ್ತು. ಚಪ್ಪಾಳೆ ತಗ್ಗುತ್ತಿದ್ದಂತೆ ಕತ್ತರಿ ಹಾಕಿದ ಹಾಗೆ ಎಲ್ಲ ನಿಂತುಹೋಯಿತು. ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಇದೇ ಇವರು ಮಾಡಿದ ತೂತು. ಬೈಯಲು ಸ್ಲೇಟಿಗೆ ಕೈ ಹಾಕಿದೆ.

ಆಗ ಇವರು ಮಾತಾಡಿದರು. ನನ್ನ ಕಡೆ ನೋಡದೆ, ಸ್ಪೀಕರನ್ನೇ ನೋಡುತ್ತಾ, ನನ್ನದೇ ಧಾಟಿಯಲ್ಲಿ.

"ಸಾಕು ಸಾಕು, ಕೈ ನೋಯುತ್ತೆ ನಿಮಗೆ. ಹಿಂದಿನ ಸಾಲಿನೋರು ಎಲ್ಲಿಗೆ ಎದ್ರಿ? ಊಟದ ಹಾಲ್ ಇನ್ನೂ ತೆರೆದಿಲ್ಲ, ಕೂತ್ಕೊಳ್ಳಿ. ನಾನೂ ಹಸಿದಿದ್ದೀನಿ, ನೀವೊಬ್ರೇ ಅಲ್ಲ. ಈಗೊಂದು ನಿಧಾನದ ಹಾಡು."

'ಹಾಡು' ಎನ್ನುತ್ತಿದ್ದಂತೆ ಗಿಟಾರ್ ಶುರುವಾಯಿತು. ಒಂದು ಉಸಿರು ಹೆಚ್ಚಿಲ್ಲ, ಒಂದು ಉಸಿರು ಕಡಿಮೆಯಿಲ್ಲ.

ನಾನು ಸ್ಲೇಟು ಹಿಡಿದು ಹಾಗೇ ಕೂತೆ. ಮುಂದಿನ ಖಾಲಿ ಬಂತು. ಇವರು ಡ್ರಮ್ಮಿನವನನ್ನು ಬೈದರು, ಮೈಕಿನವನ ಹತ್ತಿರ ನೀರು ಕೇಳಿದರು, ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿದರು. ನನಗೇ ಮರೆತುಹೋಗಿದ್ದ ಮಾತುಗಳು. ನಾನು ಬರೆದೆ: "ನಾನು ಹಾಗೆ ಹೇಳಿರಲಿಲ್ಲ."

"ಹೇಳಿದ್ದೆ ಕಣೇ. ಆ 'ನೀರು' ಸರಿಯಾಗಿ ಬಿಡಿಸಿಕೊಳ್ಳೋಕೆ ಮೂರು ದಿನ ಹಿಡೀತು. ನಿನ್ನ ಹಿಂದೇನೇ ತಾಳದವನು ಕೆಮ್ಮಿದ್ದ."

"ಎಲ್ಲಾ ಬಾಯಿಪಾಠ ಬರುತ್ತಾ?" ಎಂದು ಬರೆದೆ.

"ಸಾವಿರದ ನೂರ ನಲವತ್ತೂ."

ನಾನು ಅತ್ತೆ. ಗಂಟಲಿಲ್ಲದವಳು ಅತ್ತರೆ ಸದ್ದಾಗುವುದಿಲ್ಲ, ಕುತ್ತಿಗೆಯ ತೂತಿನಿಂದ ಗಾಳಿ ಬುಸುಗುಟ್ಟುತ್ತದೆ, ನೋಡಲು ಚಂದವಲ್ಲ. ಇವರು ಗಾಬರಿಯಾಗಿ ಹಾಡು ನಿಲ್ಲಿಸಲು ಹೋದರು. ಕೈ ಮೇಲೆ ಒಂದು ಏಟು ಕೊಟ್ಟೆ. ಅಳುತ್ತಲೇ ನನ್ನ ತಲೆಯಲ್ಲಿ ಇನ್ನೊಂದು ಯೋಚನೆ ಬಂದು ಕೂತಿತು. ಈಗ ನನ್ನ ಮಾತೆಲ್ಲ ಇರುವುದು ಒಂದೇ ಒಂದು ಜಾಗದಲ್ಲಿ. ಅದಕ್ಕೆ ಎಪ್ಪತ್ತೊಂದು ವರ್ಷ. ರಕ್ತದೊತ್ತಡಕ್ಕೆ ದಿನಕ್ಕೆರಡು ಮಾತ್ರೆ ನುಂಗುತ್ತದೆ, ಮೊನ್ನೆ ಬಚ್ಚಲಲ್ಲಿ ಜಾರಿ ಬೀಳುವುದರಲ್ಲಿತ್ತು.

ಎದ್ದು ಹೋಗಿ ಫೋನ್ ತಂದೆ. ರೆಕಾರ್ಡಿಂಗ್ ಒತ್ತಿ, ಇವರ ಬಾಯಿಗೆ ಗೇಣುದ್ದ ದೂರದಲ್ಲಿ ಪುಸ್ತಕಕ್ಕೆ ಒರಗಿಸಿ ನಿಲ್ಲಿಸಿದೆ. ಕಾರ್ಯಕ್ರಮವನ್ನು ಮತ್ತೆ ಶುರುವಿಗೆ ತಂದೆ.

"ಏನೇ ಇದು?"

"ಮೊದಲಿಂದ ಹೇಳಿ," ಎಂದು ಬರೆದೆ. "ಒಂದೂ ಬಿಡಬೇಡಿ."

ಇವರು ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡರು.